ಆ ಫೋಟೋದಲ್ಲಿರೋ ಮೂರನೆಯವನ ಬಗ್ಗೆ ಮಾತಾಡೋಣ

(1/7)

ಆ ಫೋಟೋ ಎಲ್ಲರ ಫೀಡ್‌ನಲ್ಲೂ ಒಂದಲ್ಲ ಒಂದು ಸಲ ಬಂದಿರುತ್ತೆ. ಒಲಿಂಪಿಕ್ಸ್ ಪೋಡಿಯಂ. ಇಬ್ಬರು ಕಪ್ಪು ಅಥ್ಲೀಟ್‌ಗಳು ತಲೆ ತಗ್ಗಿಸಿ, ಕಪ್ಪು ಗ್ಲೌಸ್ ಹಾಕಿದ ಮುಷ್ಟಿನ ಮೇಲಕ್ಕೆತ್ತಿ ನಿಂತಿದ್ದಾರೆ. ಜಿಮ್ ಪೇಜ್‌ನವರು ಹಾಕ್ತಾರೆ, ಟೀ ಶರ್ಟ್ ಮಾರೋರು ಹಾಕ್ತಾರೆ, ಮೋಟಿವೇಶನ್ ಪೇಜ್‌ನವರು ಹಿಂದೆ ಒಂದು ಬೀಟ್ ಬೇರೆ ಸೇರಿಸಿ ರೀಲ್ ಮಾಡ್ತಾರೆ. ಕೆಳಗೆ ಕಮೆಂಟು: "ಲೆಜೆಂಡ್ಸ್", "ಗೂಸ್‌ಬಂಪ್ಸ್ ಬಂತು ಗುರು".

ಅದೇ ಕಮೆಂಟ್ ಹಾಕಿದ ಜನ, ಇವತ್ತು ಆಡ್ತಿರೋ ಯಾವನೋ ಪ್ಲೇಯರ್ ಒಂದು ಮಾತು ಆಡಿದ್ರೆ ಏನಂತಾರೆ ಗೊತ್ತಲ್ಲ? "ಆಟದಲ್ಲಿ ಪಾಲಿಟಿಕ್ಸ್ ತರಬೇಡಿ. ಆಡೋಕೆ ಬಂದಿದೀರಾ, ಆಡಿ, ಮನೆಗೆ ಹೋಗಿ."

ಇವೆರಡನ್ನೂ ಒಂದೇ ಬಾಯಲ್ಲಿ ಹೇಳೋಕಾಗಲ್ಲ. ಹೇಳೋರು ಒಂದೋ ಆ ಫೋಟೋ ಏನು ಅಂತ ಗೊತ್ತಿಲ್ಲದೋರು, ಇಲ್ಲಾ ಗೊತ್ತಿದ್ದೂ ನಾಟಕ ಮಾಡ್ತಿರೋರು. ಏಳು ಪೋಸ್ಟ್ ಇದೆ, ಉದ್ದ ಇದೆ. ಕ್ಲಾಸಲ್ಲಿ ಕೂತು ಓದಿದ್ರೂ ಪರವಾಗಿಲ್ಲ, ಪೂರ್ತಿ ಓದಿ ಆಮೇಲೆ ಜಗಳಕ್ಕೆ ಬನ್ನಿ.

(2/7)

1968ರ ಅಕ್ಟೋಬರ್ 16, ಮೆಕ್ಸಿಕೋ ಸಿಟಿ. ಪುರುಷರ 200 ಮೀಟರ್ ಫೈನಲ್. ಅಮೆರಿಕದ ಟಾಮಿ ಸ್ಮಿತ್ 19.83 ಸೆಕೆಂಡಲ್ಲಿ ಓಡಿ ವಿಶ್ವದಾಖಲೆ ಮಾಡಿದ್ರು. ಅಮೆರಿಕದವರೇ ಆದ ಜಾನ್ ಕಾರ್ಲೋಸ್‌ಗೆ ಮೂರನೇ ಸ್ಥಾನ. ಸ್ಮಿತ್‌ಗೆ 24 ವರ್ಷ, ಕಾರ್ಲೋಸ್‌ಗೆ 23. ಇಬ್ಬರೂ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ಕಾಲೇಜಿನ ಹುಡುಗರು. ನಮ್ಮ ಸೀನಿಯರ್‌ಗಳ ವಯಸ್ಸು ಅಂದ್ಕೊಳ್ಳಿ.

ಆ ವರ್ಷ ಎಂಥಾ ವರ್ಷ ಅನ್ನೋದೂ ಗೊತ್ತಿರಬೇಕು. ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್‌ನ ಗುಂಡಿಟ್ಟು ಕೊಂದಿದ್ರು. ಒಲಿಂಪಿಕ್ಸ್ ಶುರುವಾಗೋಕೆ ಹತ್ತೇ ದಿನ ಮುಂಚೆ ಅದೇ ಮೆಕ್ಸಿಕೋ ಸಿಟಿಯ ತ್ಲಾತೆಲೋಲ್ಕೋ ಅನ್ನೋ ಜಾಗದಲ್ಲಿ, ಪ್ರತಿಭಟನೆಗೆ ಸೇರಿದ್ದ ವಿದ್ಯಾರ್ಥಿಗಳ ಮೇಲೆ ಸರ್ಕಾರದ ಪಡೆಗಳೇ ಗುಂಡು ಹಾರಿಸಿದ್ವು. ಹತ್ತು ದಿನ ಆದ್ಮೇಲೆ ಅದೇ ಊರಲ್ಲಿ ಪಾರಿವಾಳ, ಜ್ಯೋತಿ, ವಿಶ್ವಶಾಂತಿ. ಪಾಲಿಟಿಕ್ಸ್ ಇಲ್ಲದ ಆಟ ಅಂದ್ರೆ ಇದು!

ಸರಿ, ಫೋಟೋನ ಝೂಮ್ ಮಾಡಿ. ಇಬ್ಬರ ಕಾಲಲ್ಲೂ ಶೂ ಇಲ್ಲ, ಬರೀ ಕಪ್ಪು ಸಾಕ್ಸ್. ಅದು ಕಪ್ಪು ಜನರ ಬಡತನದ ಗುರುತು. ಕಾರ್ಲೋಸ್ ಜಾಕೆಟ್‌ನ ಜಿಪ್ ತೆಗೆದಿದೆ; ಕೂಲಿ ಮಾಡೋ ಜನರ ಜೊತೆ ನಾನಿದ್ದೀನಿ ಅನ್ನೋಕೆ. ಕತ್ತಲ್ಲಿ ಮಣಿಸರ, ಮರಕ್ಕೆ ನೇಣು ಹಾಕಿ ಕೊಂದವರ ನೆನಪಿಗೆ. ಸ್ಮಿತ್ ಬಲಗೈ ಎತ್ತಿದ್ದಾರೆ, ಕಾರ್ಲೋಸ್ ಎಡಗೈ. ಯಾಕೆ ಅಂದ್ರೆ ಕಾರ್ಲೋಸ್ ತಮ್ಮ ಗ್ಲೌಸ್‌ನ ರೂಮಲ್ಲೇ ಬಿಟ್ಟು ಬಂದಿದ್ರು. ಇದ್ದಿದ್ದು ಒಂದೇ ಜೊತೆ, ಒಂದೊಂದು ಹಂಚಿಕೊಂಡ್ರು. (ಇತಿಹಾಸದ ದೊಡ್ಡ ಫೋಟೋಗಳ ಹಿಂದೆ ಇಂಥ ಮರೆವು ಎಷ್ಟಿದೆಯೋ.) ಹಂಚಿಕೊಳ್ಳಿ ಅಂತ ಐಡಿಯಾ ಕೊಟ್ಟಿದ್ದು ಆ ಬಿಳಿ ಹುಡುಗ. ಅವನ ವಿಷಯಕ್ಕೆ ಬರ್ತೀನಿ, ಅವನಿಗೋಸ್ಕರಾನೇ ಇಷ್ಟೆಲ್ಲಾ ಬರೀತಿರೋದು.

(3/7)

ಅದಕ್ಕಿಂತ ಮುಂಚೆ ಇನ್ನೊಬ್ಬ ದೊಡ್ಡಮನುಷ್ಯರ ವಿಷಯ. ಆಗ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜ್. ಪೋಡಿಯಂ ಮೇಲೆ ರಾಜಕೀಯ ಮಾಡಿದ್ರು ಅಂತ ಕೆಂಡವಾದ್ರು. ಅಮೆರಿಕದ ಒಲಿಂಪಿಕ್ ಸಮಿತಿ ಮೊದಲು ಹುಡುಗರನ್ನ ಹೊರಗೆ ಹಾಕೋಕೆ ಒಪ್ಪಲಿಲ್ಲ. ಹಾಗಾದ್ರೆ ನಿಮ್ಮ ಟ್ರ್ಯಾಕ್ ಟೀಮನ್ನೇ ಪೂರ್ತಿ ಬ್ಯಾನ್ ಮಾಡ್ತೀವಿ ಅಂತ ಹೆದರಿಸಿದ್ರು. ಸ್ಮಿತ್, ಕಾರ್ಲೋಸ್ ಇಬ್ಬರೂ ಸಸ್ಪೆಂಡ್, ಒಲಿಂಪಿಕ್ ವಿಲೇಜಿಂದ ಔಟ್.

ಈಗ 1936ಕ್ಕೆ ಹೋಗಿ. ಬರ್ಲಿನ್ ಒಲಿಂಪಿಕ್ಸ್, ಹಿಟ್ಲರ್ ಕಾಲ. ಬರ್ಲಿನ್‌ಗೆ ಹೋಗಬಾರದು, ಬಹಿಷ್ಕರಿಸಬೇಕು ಅಂತ ಅಮೆರಿಕದಲ್ಲಿ ಕೂಗೆದ್ದಿತ್ತು. ಅದನ್ನ ವಿರೋಧಿಸಿ ಟೀಮ್ ಕಳಿಸಿದ್ದು ಯಾರು? ಆಗಿನ ಅಮೆರಿಕನ್ ಒಲಿಂಪಿಕ್ ಸಮಿತಿ ಅಧ್ಯಕ್ಷ. ಹೆಸರು ಏವರಿ ಬ್ರಂಡೇಜ್! ಜರ್ಮನ್ ಅಥ್ಲೀಟ್‌ಗಳು ಪೋಡಿಯಂ ಮೇಲೆ ನಿಂತು ನಾಜಿ ಸೆಲ್ಯೂಟ್ ಹೊಡೆದಾಗ ಈ ಮನುಷ್ಯರಿಗೆ ಆಕ್ಷೇಪಣೆ ಇರಲಿಲ್ಲ. ಅದು ಪಾಲಿಟಿಕ್ಸ್ ಅಲ್ಲ. ತಲೆ ತಗ್ಗಿಸಿ ಸುಮ್ಮನೆ ಕೈ ಎತ್ತಿದ್ದು ಪಾಲಿಟಿಕ್ಸ್.

ಇನ್ನೊಂದು. ಅದೇ 1968, ಅದೇ ಮೆಕ್ಸಿಕೋ. ಕೆಲವೇ ದಿನ ಆದ್ಮೇಲೆ ಬಾಕ್ಸಿಂಗ್‌ನಲ್ಲಿ ಚಿನ್ನ ಗೆದ್ದ ಜಾರ್ಜ್ ಫೋರ್‌ಮನ್ ರಿಂಗ್ ಒಳಗೇ ಪುಟ್ಟ ಅಮೆರಿಕನ್ ಬಾವುಟ ಬೀಸಿದ್ರು. ಚಪ್ಪಾಳೆಯೋ ಚಪ್ಪಾಳೆ. ಫೋರ್‌ಮನ್ ಮಾಡಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಬಾವುಟ ಬೀಸೋದು ಭಾವನೆ, ಮುಷ್ಟಿ ಎತ್ತೋದು ರಾಜಕೀಯ ಅನ್ನೋ ಲೆಕ್ಕ ಬರೆದೋರು ಯಾರು ಅಂತ ಕೇಳ್ತಿದೀನಿ. ಗೆದ್ದವರ ದೇಶದ ಬಾವುಟ ಏರಿಸಿ, ರಾಷ್ಟ್ರಗೀತೆ ಹಾಕಿ, ದೇಶದ ಲೆಕ್ಕದಲ್ಲಿ ಮೆಡಲ್ ಪಟ್ಟಿ ಮಾಡೋ ಜಾಗ ಅದು. ಅಲ್ಲಿ ಪಾಲಿಟಿಕ್ಸ್ ಮೊದಲಿಂದಾನೇ ಕಾಲು ಚಾಚಿಕೊಂಡು ಮಲಗಿದೆ. ನೋವು ತಿಂದವನು ಬಾಯಿ ಬಿಟ್ಟಾಗ ಮಾತ್ರ ಎಲ್ಲರಿಗೂ ಅದು ಕಾಣಿಸುತ್ತೆ.

ನಿಯಮ ಇವತ್ತಿಗೂ ಇದೆ. ಒಲಿಂಪಿಕ್ ಚಾರ್ಟರ್‌ನ 50ನೇ ನಿಯಮ. ಟೋಕಿಯೋ ಗೇಮ್ಸ್ ಹೊತ್ತಿಗೆ ಸ್ವಲ್ಪ ಸಡಿಲ ಮಾಡಿದ್ರು, ಆಟ ಶುರುವಾಗೋ ಮುಂಚೆ ಮಂಡಿಯೂರಬಹುದು ಅಂತ. ಪೋಡಿಯಂ ಮೇಲೆ ಮಾತ್ರ ಈಗಲೂ ಮಡಿ.

(4/7)

ಈಗ ಬೆಳ್ಳಿ ಗೆದ್ದವನು. ಪೀಟರ್ ನಾರ್ಮನ್, ಆಸ್ಟ್ರೇಲಿಯಾ, ಮೆಲ್ಬರ್ನ್‌ನ ಒಬ್ಬ ಪಿಟಿ ಮೇಷ್ಟ್ರು. 20.06 ಸೆಕೆಂಡ್. ಫೋಟೋ ನೋಡಿದೋರು ಇವರನ್ನ ನೋಡೋದೇ ಇಲ್ಲ. ಕೈ ಎತ್ತಿಲ್ಲ, ತಲೆ ತಗ್ಗಿಸಿಲ್ಲ, ಎದುರಿಗೆ ನೋಡ್ತಾ ನೆಟ್ಟಗೆ ನಿಂತಿದ್ದಾರೆ. ಯಾವುದೋ ಮದುವೆ ಫೋಟೋಗೆ ತಪ್ಪಾಗಿ ಬಂದು ಸಿಕ್ಕಿಕೊಂಡವರ ಥರ.

ಎದೆ ಮೇಲೆ ನೋಡಿ. ಒಂದು ಬಿಳಿ ಬ್ಯಾಡ್ಜ್. ಅದೇ ಬ್ಯಾಡ್ಜ್ ಸ್ಮಿತ್ ಮತ್ತು ಕಾರ್ಲೋಸ್ ಎದೆ ಮೇಲೂ ಇದೆ. 'ಒಲಿಂಪಿಕ್ ಪ್ರಾಜೆಕ್ಟ್ ಫಾರ್ ಹ್ಯೂಮನ್ ರೈಟ್ಸ್' ಅಂತ, ಹ್ಯಾರಿ ಎಡ್ವರ್ಡ್ಸ್ ಅನ್ನೋ ಸಮಾಜಶಾಸ್ತ್ರದ ಮೇಷ್ಟ್ರು 1967ರಲ್ಲಿ ಶುರು ಮಾಡಿದ್ದ ಸಂಘಟನೆ. ವರ್ಣಭೇದ ಮಾಡೋ ದಕ್ಷಿಣ ಆಫ್ರಿಕಾ ಮತ್ತು ರೊಡೀಷಿಯಾನ ಒಲಿಂಪಿಕ್ಸ್‌ಗೆ ಕರೀಬಾರದು, ಮೊಹಮ್ಮದ್ ಅಲಿಯಿಂದ ಕಿತ್ತುಕೊಂಡ ಪಟ್ಟ ವಾಪಸ್ ಕೊಡಬೇಕು, ಬ್ರಂಡೇಜ್ ಕೆಳಗಿಳೀಬೇಕು, ಕಪ್ಪು ಕೋಚ್‌ಗಳನ್ನ ಹೆಚ್ಚು ತಗೋಬೇಕು. ಇವು ಅವರ ಬೇಡಿಕೆಗಳು.

ಮೆಡಲ್ ಸಮಾರಂಭಕ್ಕೆ ಮುಂಚೆ ಅವರಿಬ್ಬರೂ ಏನು ಮಾಡ್ತೀವಿ ಅಂತ ನಾರ್ಮನ್‌ಗೆ ಹೇಳಿದ್ರು. ನಾನೂ ನಿಮ್ಮ ಜೊತೆ ನಿಲ್ತೀನಿ ಅಂದ್ರಂತೆ. ಆಮೇಲೆ ಬ್ಯಾಡ್ಜ್ ಕೇಳಿದ್ರು. ಎಕ್ಸ್‌ಟ್ರಾ ಇರಲಿಲ್ಲ. ಅಲ್ಲೇ ಇದ್ದ ಪಾಲ್ ಹಾಫ್‌ಮನ್ ಅನ್ನೋ ಅಮೆರಿಕದ ರೋಯಿಂಗ್ ಟೀಮಿನವರು, ಅವರೂ ಬಿಳಿಯರೇ, ತಮ್ಮದನ್ನ ಬಿಚ್ಚಿ ಕೊಟ್ಟರು.

ಇಲ್ಲಿ ನಿಂತು ಯೋಚನೆ ಮಾಡಿ. ನಾರ್ಮನ್‌ಗೆ ಏನು ಬೇಕಿತ್ತು? ಏನೂ ಬೇಕಿರಲಿಲ್ಲ. ಅವರನ್ನ ಯಾರೂ ಬಸ್ಸಿಂದ ಇಳಿಸಿರಲಿಲ್ಲ, ಬಾಡಿಗೆ ಮನೆ ಕೊಡಲ್ಲ ಅಂದಿರಲಿಲ್ಲ. ಸಿಕ್ಕಿದ್ದು ಜೀವಮಾನದ ದೊಡ್ಡ ಮೆಡಲ್. ನಗ್ತಾ ಕೈ ಬೀಸಿ ಇಳಿದು ಹೋಗಬಹುದಿತ್ತು, ಒಬ್ಬರೂ ಏನೂ ಅಂತಿರಲಿಲ್ಲ. ಬಿಳಿಯರಲ್ಲದವರು ವಲಸೆ ಬರದ ಹಾಗೆ ತಡೆಯೋ ನೀತಿ ಇನ್ನೂ ಪೂರ್ತಿ ಹೋಗಿರದ ದೇಶ ಅವರದ್ದು. ವಾಪಸ್ ಹೋದ್ರೆ ಏನು ಕಾದಿದೆ ಅಂತ ಗೊತ್ತಿಲ್ಲದಷ್ಟು ದಡ್ಡರೇನಲ್ಲ.

1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಆಸ್ಟ್ರೇಲಿಯಾ ಅವರನ್ನ ಕಳಿಸಲಿಲ್ಲ. ಅದು ಬ್ಯಾಡ್ಜ್‌ಗೆ ಕೊಟ್ಟ ಶಿಕ್ಷೆನಾ ಅನ್ನೋ ಬಗ್ಗೆ ಅಲ್ಲಿ ಈಗಲೂ ಜಗಳ ಇದೆ. ಅಲ್ಲಿನ ಒಲಿಂಪಿಕ್ ಸಮಿತಿ ಅಲ್ಲವೇ ಅಲ್ಲ ಅನ್ನುತ್ತೆ. ಯೂಟ್ಯೂಬ್ ವಿಡಿಯೋಗಳು ಇದನ್ನ ಸಿನಿಮಾ ಮಾಡಿ ಹೇಳ್ತವೆ, ನಾನು ಅಷ್ಟು ದೂರ ಹೋಗಲ್ಲ. ಜಗಳವೇ ಇಲ್ಲದ ಸಂಗತಿ ಹೇಳ್ತೀನಿ: 2012ರಲ್ಲಿ ಆಸ್ಟ್ರೇಲಿಯಾದ ಸಂಸತ್ತು ನಾರ್ಮನ್ ಹೆಸರು ಹಿಡಿದು ಕ್ಷಮೆ ಕೇಳ್ತು. ಕೇಳಿಸಿಕೊಳ್ಳೋಕೆ ಅವರು ಇರಲಿಲ್ಲ. 2006ರಲ್ಲೇ ತೀರಿಕೊಂಡಿದ್ರು. ಆ ದಿನ ಮೆಲ್ಬರ್ನ್‌ನಲ್ಲಿ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಇಬ್ಬರು ಅಮೆರಿಕದಿಂದ ಬಂದಿದ್ರು. ಟಾಮಿ ಸ್ಮಿತ್, ಜಾನ್ ಕಾರ್ಲೋಸ್.

ಆ 20.06 ಸೆಕೆಂಡ್ ಇದೆಯಲ್ಲ, ಅದು 56 ವರ್ಷ ಆಸ್ಟ್ರೇಲಿಯಾದ ದಾಖಲೆಯಾಗೇ ಉಳೀತು. 2024ರ ಡಿಸೆಂಬರ್‌ನಲ್ಲಿ ಅದನ್ನ ಮುರಿದಿದ್ದು ಗೌಟ್ ಗೌಟ್ ಅನ್ನೋ 16 ವರ್ಷದ ಹುಡುಗ, 20.04. ಅವನ ಅಪ್ಪ ಅಮ್ಮ ದಕ್ಷಿಣ ಸುಡಾನ್‌ನಿಂದ ವಲಸೆ ಬಂದವರು. ಕಥೆ ಬರೆಯೋರು ಇಂಥ ಎಂಡಿಂಗ್ ಬರೆದ್ರೆ ಓವರ್ ಆಯ್ತು ಗುರು ಅಂತೀವಿ.

(5/7)

ನಾನು ಬಿಕಾಂ. ಏನೇ ನೋಡಿದ್ರೂ ಇದರ ಕಾಸ್ಟ್ ಎಷ್ಟು ಅಂತ ಕೇಳೋದು ಚಟ ಆಗಿಹೋಗಿದೆ. ಪ್ರತಿಭಟನೆಗೂ ಅದೇ ಕೇಳ್ತೀನಿ. ಇದಕ್ಕೆ ಯಾರು ಎಷ್ಟು ತೆತ್ತರು?

ಸ್ಮಿತ್, ಕಾರ್ಲೋಸ್ ಊರಿಗೆ ಹೋದ್ರೆ ಕೊಲೆ ಬೆದರಿಕೆ, ಕೆಲಸಕ್ಕೆ ಪರದಾಟ. ಅಮೆರಿಕದ ಒಲಿಂಪಿಕ್ ಸಂಸ್ಥೆ ಅವರನ್ನ ತನ್ನ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಿದ್ದು 2019ರಲ್ಲಿ. 51 ವರ್ಷದ ಸಾಲ, ಬಡ್ಡಿ ಇಲ್ಲದೆ.

ಕಾಲಿನ್ ಕೆಪರ್ನಿಕ್ ಲೆಕ್ಕವೂ ಹಾಗೇ. 2016ರಲ್ಲಿ ಪೊಲೀಸರು ಕಪ್ಪು ಜನರನ್ನ ಕೊಲ್ಲೋದನ್ನ ವಿರೋಧಿಸಿ ರಾಷ್ಟ್ರಗೀತೆ ಹೊತ್ತಿಗೆ ಮೊದಲು ಕೂತರು. ಆಮೇಲೆ ಒಬ್ಬ ಮಾಜಿ ಸೈನಿಕನ ಜೊತೆ ಮಾತಾಡಿ, ಅವಮಾನ ಅನ್ನಿಸಬಾರದು ಅಂತ ಕೂರೋದು ಬಿಟ್ಟು ಮಂಡಿಯೂರಿದ್ರು. ಇಷ್ಟು ಮರ್ಯಾದೆಯಿಂದ ಮಾಡಿದ್ರೂ ಆ ಸೀಸನ್ ಮುಗಿದ ಮೇಲೆ ಒಂದೇ ಒಂದು ಎನ್‌ಎಫ್‌ಎಲ್ ಟೀಮ್ ಅವರನ್ನ ಆಡಿಸಲಿಲ್ಲ. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಸಾವಿನ ನಂತರ ಲೀಗಿನ ಮುಖ್ಯಸ್ಥರು ವಿಡಿಯೋ ಮಾಡಿ, ಆಟಗಾರರ ಮಾತು ಮೊದಲೇ ಕೇಳದೆ ತಪ್ಪು ಮಾಡಿದ್ವಿ ಅಂದ್ರು. ಆ ವಿಡಿಯೋದಲ್ಲಿ ಕೆಪರ್ನಿಕ್ ಹೆಸರೇ ಇಲ್ಲ.

ಈಗ ನಮ್ಮವರು. 2021ರ ಅಕ್ಟೋಬರ್ 24, ದುಬೈ, ಟಿ20 ವಿಶ್ವಕಪ್, ಪಾಕಿಸ್ತಾನದ ಎದುರು ಮ್ಯಾಚ್. ಶುರುವಾಗೋ ಮುಂಚೆ ಭಾರತ ತಂಡ ಮಂಡಿಯೂರಿತು, ವರ್ಣಭೇದದ ವಿರುದ್ಧ. ಆಮೇಲೆ ಕೇಳಿದ್ರೆ ಕ್ಯಾಪ್ಟನ್ ಕೊಹ್ಲಿ ಹೇಳಿದ್ದು, ಮ್ಯಾನೇಜ್‌ಮೆಂಟ್‌ನಿಂದ ಸೂಚನೆ ಬಂತು, ಮಾಡಿದ್ವಿ ಅಂತ. ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಕಾಸ್ಟ್ ಎಷ್ಟು? ಸೊನ್ನೆ. ಸೂಚನೆ ಬಂದ್ರೆ ಅಟೆನ್ಷನ್‌ನಲ್ಲೂ ನಿಲ್ತೀವಿ. ಎರಡೇ ದಿನ ಆದ್ಮೇಲೆ ದಕ್ಷಿಣ ಆಫ್ರಿಕಾ ಬೋರ್ಡ್ ಎಲ್ಲರೂ ಮಂಡಿಯೂರಲೇಬೇಕು ಅಂದಾಗ ಡಿ ಕಾಕ್ ಮ್ಯಾಚೇ ಆಡಲಿಲ್ಲ, ಆಮೇಲೆ ಕ್ಷಮೆ ಕೇಳಿ ಮಂಡಿಯೂರಿದ್ರು. ಆರ್ಡರ್ ಮೇಲೆ ಬಗ್ಗಿದ ಮಂಡಿಯಿಂದ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗಲ್ಲ.

ಅದೇ ದುಬೈ ಮ್ಯಾಚ್‌ನಲ್ಲಿ ಹತ್ತು ವಿಕೆಟ್‌ನಿಂದ ಸೋತ್ವಿ. ಅವತ್ತು ರಾತ್ರಿ ಮೊಹಮ್ಮದ್ ಶಮಿ ಅಕೌಂಟ್ ಕೆಳಗೆ ನಮ್ಮದೇ "ಫ್ಯಾನ್ಸ್" ಏನೇನು ಬರೆದ್ರು ಅಂತ ನೆನಪಿದೆಯಾ? ಅವರ ಧರ್ಮ ಹಿಡಿದು. ಸಂಜೆ ಮಂಡಿಯೂರಿದ್ದು ನೋಡಿ ಚಪ್ಪಾಳೆ, ರಾತ್ರಿ ಇದು.

ಆವಾಗ ಯಾವ ಸೂಚನೆಯೂ ಬಂದಿರಲಿಲ್ಲ. ಕೊಹ್ಲಿ ಮುಂದಿನ ಮ್ಯಾಚಿಗೆ ಮುಂಚೆ ಪ್ರೆಸ್‌ಮೀಟ್‌ನಲ್ಲಿ ಕೂತು, ಧರ್ಮದ ಹೆಸರಲ್ಲಿ ಒಬ್ಬರ ಮೇಲೆ ದಾಳಿ ಮಾಡೋದು ಮನುಷ್ಯ ಮಾಡಬಹುದಾದ ಅತ್ಯಂತ ಹೀನ ಕೆಲಸ ಅಂತ ನೇರವಾಗಿ ಹೇಳಿದ್ರು. ಇದಕ್ಕೆ ಕಾಸ್ಟ್ ಇತ್ತು. ಒಂದು ವರ್ಷವೂ ತುಂಬದ ಅವರ ಮಗಳ ಬಗ್ಗೆ ಬರೆಯೋಕೂ ಆಗದಂಥ ಬೆದರಿಕೆ ಬಂತು, ಪೊಲೀಸ್ ಕೇಸಾಯ್ತು. ಕವರ್ ಡ್ರೈವ್ ರೀಲ್ ಹಾಕೋ ಆರ್‌ಸಿಬಿ ಫ್ಯಾನ್‌ಗಳೇ, ಆ ಪ್ರೆಸ್‌ಮೀಟ್ ಕ್ಲಿಪ್‌ನ ಎಷ್ಟು ಜನ ಸ್ಟೇಟಸ್ ಇಟ್ಟಿದ್ರಿ? ನನ್ನ ಲೆಕ್ಕದಲ್ಲಿ ಅವತ್ತು ಕೊಹ್ಲಿ ಆಡಿದ್ದು ನಾರ್ಮನ್ ಜಾಗದಲ್ಲಿ. ಏಟು ಬಿದ್ದಿದ್ದು ಅವರಿಗಲ್ಲ, ಆದ್ರೂ ಪಕ್ಕದಲ್ಲಿ ನಿಂತರು.

(6/7)

"ಅದೆಲ್ಲಾ ಅಮೆರಿಕದ ಕಥೆ, ನಮ್ಮಲ್ಲಿ ರೇಸಿಸಂ ಎಲ್ಲಿದೆ" ಅಂತ ಡಿಎಂ ಬರುತ್ತೆ ಅಂತ ಗೊತ್ತು. ಅದಕ್ಕೇ ಮೊದಲೇ ಹಾಕ್ತಿದೀನಿ.

ದೊಡ್ಡ ಗಣೇಶ್ ಗೊತ್ತಾ? ಕರ್ನಾಟಕದ ಫಾಸ್ಟ್ ಬೌಲರ್, ಭಾರತಕ್ಕೂ ಆಡಿದವರು. ಬಣ್ಣದ ಕಾರಣಕ್ಕೆ ತಾವು ಕೇಳಿಸಿಕೊಂಡಿದ್ದನ್ನ ತಮಿಳುನಾಡಿನ ಅಭಿನವ್ ಮುಕುಂದ್ ಹಿಂದೆಯೇ ಬರೆದುಕೊಂಡಿದ್ರು. 2020ರಲ್ಲಿ ಆ ಮಾತು ಮತ್ತೆ ಬಂದಾಗ ಗಣೇಶ್, ತಾವು ಆಡೋ ದಿನಗಳಲ್ಲಿ ತಮಗೂ ಇಂಥ ಮಾತು ಬಿದ್ದಿದ್ವು ಅಂತ ಹೇಳಿಕೊಂಡ್ರು. ಅದೇ ವರ್ಷ ಡ್ಯಾರೆನ್ ಸ್ಯಾಮಿಗೆ, ಐಪಿಎಲ್‌ನಲ್ಲಿ ತಮ್ಮನ್ನ ಪ್ರೀತಿಯಿಂದ ಕರೀತಿದ್ದಾರೆ ಅಂದ್ಕೊಂಡಿದ್ದ "ಕಾಲು" ಅನ್ನೋ ಪದದ ಅರ್ಥ ಏನು ಅಂತ ವರ್ಷಗಳಾದ ಮೇಲೆ ತಿಳೀತು.

ಇನ್ನೂ ಹಿಂದಕ್ಕೆ ಹೋಗೋಣ. ಪಾಲ್ವಂಕರ್ ಬಾಲೂ, ಹುಟ್ಟಿದ್ದು ಧಾರವಾಡದಲ್ಲಿ. ದಲಿತ ಕುಟುಂಬ. 1911ರ ಇಂಗ್ಲೆಂಡ್ ಟೂರ್‌ನಲ್ಲಿ 114 ವಿಕೆಟ್ ತೆಗೆದ ಎಡಗೈ ಸ್ಪಿನ್ನರ್. ಪುಣೆಯಲ್ಲಿ ಆಡುವಾಗ ಮೈದಾನದಲ್ಲಿ ಅವರ ಬೌಲಿಂಗ್ ಬೇಕು, ಟೀ ಬ್ರೇಕಲ್ಲಿ ಮಾತ್ರ ಪೆವಿಲಿಯನ್ ಹೊರಗೆ ಮಣ್ಣಿನ ಲೋಟದಲ್ಲಿ ಟೀ. ಹಿಂದೂ ತಂಡದ ಕ್ಯಾಪ್ಟನ್ ಮಾತ್ರ ಮಾಡಲೇ ಇಲ್ಲ. 1920ರಲ್ಲಿ ಅವರನ್ನ ಟೀಮಿಂದಲೇ ಕೈಬಿಟ್ಟು, ಅವರಿಗಿಂತ ಕಿರಿಯ ಮೇಲ್ಜಾತಿ ಆಟಗಾರನಿಗೆ ಕ್ಯಾಪ್ಟನ್ಸಿ ಕೊಟ್ಟಾಗ, ಬಾಲೂ ತಮ್ಮಂದಿರಾದ ವಿಠ್ಠಲ್ ಮತ್ತು ಶಿವರಾಮ್ ಬಹಿರಂಗ ಹೇಳಿಕೆ ಕೊಟ್ಟು ಟೀಮಿಂದ ಹೊರಗೆ ಬಂದ್ರು. ಮೂರು ವರ್ಷ ಆದ್ಮೇಲೆ ಅದೇ ವಿಠ್ಠಲ್ ಹಿಂದೂ ತಂಡದ ಕ್ಯಾಪ್ಟನ್ ಆದ್ರು. ಜಾತಿ ಬೇರೆ, ಜನಾಂಗ ಬೇರೆ, ಗೊತ್ತಿದೆ, ಸಮಾಜಶಾಸ್ತ್ರದ ಪಾಠ ಮಾಡಬೇಡಿ. ಹುಟ್ಟಿನ ಕಾರಣಕ್ಕೆ ಮನುಷ್ಯನ್ನ ಹೊರಗೆ ಕೂರಿಸೋದು ಎರಡರಲ್ಲೂ ಇದೆ. ಮೆಕ್ಸಿಕೋಗಿಂತ 48 ವರ್ಷ ಮುಂಚೆ ಇದನ್ನ ಮಾಡಿದವರ ಫೋಟೋ ನಮ್ಮ ಯಾವ ಜಿಮ್ ಪೇಜಲ್ಲೂ ಇಲ್ಲ.

ಬೆಂಗಳೂರಿಗೆ ಬನ್ನಿ. 2012ರ ಆಗಸ್ಟ್‌ನಲ್ಲಿ ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದ್ರು. 2016ರ ಜನವರಿಯಲ್ಲಿ ತಾಂಜಾನಿಯಾದ ಒಬ್ಬ ವಿದ್ಯಾರ್ಥಿನಿ ಮೇಲೆ ಗುಂಪು ದಾಳಿ ಮಾಡ್ತು. ಅಪಘಾತ ಮಾಡಿದ್ದು ಬೇರೆ ಯಾರೋ, ಅದೂ ಬೇರೆ ದೇಶದವನು. ಚರ್ಮದ ಬಣ್ಣ ಒಂದು ಮ್ಯಾಚ್ ಆಗಿದ್ದಕ್ಕೆ ಅವಳು ಏಟು ತಿಂದಳು.

(7/7)

ಈಗ ನಮ್ಮ ಗ್ರೌಂಡಿನ ವಿಷಯ. ಕಾಲೇಜ್ ಹೆಸರು ಬರೆಯಲ್ಲ, ನಮ್ಮ ಕ್ಲಾಸಿನೋರಿಗೆ ಗೊತ್ತು.

ಹೋದ ತಿಂಗಳು ಇಂಟರ್ ಕಾಲೇಜ್ ಫುಟ್‌ಬಾಲ್ ಮ್ಯಾಚ್. ನಮ್ಮ ರೈಟ್ ವಿಂಗ್ ಆಡೋ ಹುಡುಗ ಮಣಿಪುರದವನು. ಬಾಲ್ ಅವನ ಕಾಲಿಗೆ ಬಂದಾಗೆಲ್ಲಾ ಸ್ಟ್ಯಾಂಡಿಂದ "ಮೋಮೋ, ಮೋಮೋ". ಆಮೇಲೆ ಅದಕ್ಕಿಂತ ಕೆಟ್ಟ ಪದ. ಕೂಗ್ತಿದ್ದಿದ್ದು ಎದುರು ಕಾಲೇಜಿನೋರಲ್ಲ. ನಮ್ಮವರೇ! ಅವನು ನಮಗೋಸ್ಕರ ಆಡ್ತಿದ್ದಾನೆ, ನಮ್ಮ ಜರ್ಸಿ ಹಾಕಿದ್ದಾನೆ, ಆ ಮ್ಯಾಚಲ್ಲಿ ಗೋಲ್‌ಗೆ ಪಾಸ್ ಕೊಟ್ಟಿದ್ದೂ ಅವನೇ. ನಾವು ಮೂರು ಜನ ಎದ್ದು ನಿಲ್ಲಿಸಿ ಅಂದಿದ್ದಕ್ಕೆ ಬಂದ ಉತ್ತರ, "ಜೋಕ್ ಅಷ್ಟೇ, ಅವನೇ ನಗ್ತಿದ್ದಾನೆ. ಸ್ಪೋರ್ಟ್ಸ್‌ನ ಸ್ಪೋರ್ಟ್ಸ್ ಥರ ನೋಡಿ."

ಅವನು ನಗ್ತಿದ್ದ, ನಿಜ. ಸ್ಯಾಮಿ ಕೂಡ ನಕ್ಕಿದ್ರು.

ಹಾಗೆ ಕೂಗಿದವರಲ್ಲಿ ಇಬ್ಬರ ಪ್ರೊಫೈಲ್‌ನಲ್ಲಿ ಆ 1968ರ ಫೋಟೋ ಇದೆ. ಟ್ಯಾಗ್ ಮಾಡಲ್ಲ. ನಿಮಗೆ ಗೊತ್ತು.

ನಮ್ಮಲ್ಲಿ ಹೆಚ್ಚಿನೋರು ಸ್ಮಿತ್ ಅಲ್ಲ, ಕಾರ್ಲೋಸ್ ಅಲ್ಲ. ಆ ಗ್ರೌಂಡಲ್ಲಿ ಏಟು ಬೀಳೋದು ನಮಗಲ್ಲ. ನಮ್ಮದು ಪಕ್ಕದಲ್ಲಿರೋನ ಜಾಗ. ಸ್ಯಾನ್ ಹೋಸೆ ಕಾಲೇಜಿನ ಕ್ಯಾಂಪಸ್‌ನಲ್ಲಿ 2005ರಲ್ಲಿ ಆ ಪೋಡಿಯಂನ ಪ್ರತಿಮೆ ಮಾಡಿದ್ರು. ಸ್ಮಿತ್ ಇದ್ದಾರೆ, ಕಾರ್ಲೋಸ್ ಇದ್ದಾರೆ, ಎರಡನೇ ಮೆಟ್ಟಿಲು ಖಾಲಿ. ಅನ್ಯಾಯ ಅಂತ ಮೊದಲು ನನಗೂ ಅನ್ನಿಸ್ತು. ಆಮೇಲೆ ಗೊತ್ತಾಗಿದ್ದು, ಖಾಲಿ ಬಿಡಿ ಅಂದಿದ್ದು ನಾರ್ಮನ್ ಅವರೇ. ಬಂದವರು ಯಾರು ಬೇಕಾದ್ರೂ ಹತ್ತಿ ಅಲ್ಲಿ ನಿಲ್ಲಲಿ ಅಂತ.

ಬರೋ ಶನಿವಾರ ಸೆಮಿಫೈನಲ್. ಫಿಫಾದಲ್ಲಿ ಮೂರು ಹಂತದ ಕ್ರಮ ಇದೆ: ಜನಾಂಗೀಯ ಕೂಗು ಕೇಳಿದ್ರೆ ರೆಫರಿ ಮೊದಲು ಆಟ ನಿಲ್ಲಿಸಿ ಮೈಕಲ್ಲಿ ಹೇಳಿಸಬೇಕು, ಮತ್ತೆ ಆದ್ರೆ ಸ್ವಲ್ಪ ಹೊತ್ತು ಟೀಮ್‌ಗಳನ್ನ ಒಳಗೆ ಕಳಿಸಬೇಕು, ಆಮೇಲೂ ನಿಲ್ಲದಿದ್ರೆ ಮ್ಯಾಚ್ ರದ್ದು. ಇದನ್ನೇ ನಮ್ಮ ಟೂರ್ನಮೆಂಟ್‌ಗೂ ತನ್ನಿ ಅಂತ ಸ್ಪೋರ್ಟ್ಸ್ ಕಮಿಟಿಗೆ ಪತ್ರ ಬರೆದಿದ್ದೀವಿ. ಬರೆಯೋಕೆ ಮುಂಚೆ ಆ ಹುಡುಗನ್ನ ಕೇಳಿದ್ವಿ. ಬರೀರಿ, ಆದ್ರೆ ನನ್ನ ಹೆಸರು ಹಾಕಬೇಡಿ ಅಂದ. ಹಾಕಿಲ್ಲ. ಟೀಮಿಂದ ಕ್ಯಾಪ್ಟನ್ ಮತ್ತು ಗೋಲ್‌ಕೀಪರ್ ಸೈನ್ ಮಾಡಿದ್ದಾರೆ, ಒಟ್ಟು 14 ಆಗಿದೆ. ಗುರುವಾರ ಮಧ್ಯಾಹ್ನ ಪತ್ರ ಕೊಡ್ತೀವಿ. ಅಲ್ಲಿವರೆಗೂ ಕ್ಯಾಂಟೀನ್ ಪಕ್ಕದ ಮೆಟ್ಟಿಲ ಹತ್ರ ಲಂಚ್ ಬ್ರೇಕಲ್ಲಿ ಪೇಪರ್ ಇರುತ್ತೆ. ಪೆನ್ ನೀವೇ ತನ್ನಿ, ನಮ್ಮದು ಎರಡು ಕಳೆದುಹೋಯ್ತು.

#ಪೀಟರ್_ನಾರ್ಮನ್ #ಮೆಕ್ಸಿಕೋ1968 #ಎರಡನೇ_ಮೆಟ್ಟಿಲು